ಮುಚ್ಚಿದ ಲ್ಯಾಪ್‌ಟಾಪು, ಏಳು ಜನರ ಮೆದುಳು

ನಿದ್ದೆಯ ಬಗ್ಗೆ ಬರೆದ ಒಂದು ಪುಸ್ತಕವನ್ನ ನಾನು ಮೊದಲಿನಿಂದ ಕೊನೇವರೆಗೂ ಓದಿದ್ದು ರಾತ್ರಿ ಎರಡರಿಂದ ನಾಲ್ಕರ ಒಳಗೆ. ಓದಬೇಕು ಅಂತ ಅಲಾರಂ ಇಟ್ಟುಕೊಂಡು ಎದ್ದಿದ್ದಲ್ಲ. ನಿದ್ದೆ ಬರ್ತಿರಲಿಲ್ಲ, ಅದಕ್ಕೆ. ಹೆಂಡತಿಗೆ ಎಚ್ಚರ ಆಗಬಾರದು ಅಂತ ಹಾಲಿಗೆ ಬಂದು, ಸೋಫಾ ಮೇಲೆ ಕಾಲು ಮಡಚಿ ಕೂತು, ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ಊದೋ ವಿಸಿಲ್ ಕೇಳಿಸಿಕೊಳ್ತಾ ದಿನಕ್ಕೆ ಹತ್ತು ಹದಿನೈದು ಪುಟದ ಹಾಗೆ ಓದಿದೆ. ನಿದ್ದೆ ಯಾಕೆ ಬೇಕು ಅಂತ ಆ ಪುಸ್ತಕ ಬಹಳ ಚೆನ್ನಾಗಿ ಹೇಳ್ತಿತ್ತು. ಅದು ಹೇಳಿದಷ್ಟೂ ನನಗೆ ನಿದ್ದೆ ದೂರ ಹೋಗ್ತಿತ್ತು.

ಪುಸ್ತಕ ಮ್ಯಾಥ್ಯೂ ವಾಕರ್ ಬರೆದ ‘ವೈ ವಿ ಸ್ಲೀಪ್’. ವಾಕರ್ ಅಮೆರಿಕದ ಬರ್ಕ್ಲಿಯಲ್ಲಿ ಪ್ರೊಫೆಸರ್, ನಿದ್ದೆಯ ವಿಜ್ಞಾನಿ. 2017ರಲ್ಲಿ ಬಂದ ಈ ಪುಸ್ತಕವನ್ನ 2019ರ ಕೊನೆಗೆ ಬಿಲ್ ಗೇಟ್ಸ್ ತಮ್ಮ ಪಟ್ಟಿಗೆ ಸೇರಿಸಿದ ಮೇಲಂತೂ ನಮ್ಮ ಆಫೀಸಿನಲ್ಲಿ ಅರ್ಧ ಜನರ ಡೆಸ್ಕ್ ಮೇಲೆ ಕಾಣಿಸ್ತಿತ್ತು. ನನಗೆ ಟೀಮಿನ ಒಬ್ಬಳು ಸೀಕ್ರೆಟ್ ಸಾಂಟಾದಲ್ಲಿ ಕೊಟ್ಟಳು. ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ ಪಾಪ ಒಳ್ಳೆ ಮನಸ್ಸಿನಿಂದಲೇ ಕೊಟ್ಟಿದ್ದಳು.

ನನ್ನ ಕಥೆ ಚಿಕ್ಕದು. ಎಂಟು ತಿಂಗಳು ಆನ್‌ಕಾಲ್ ಇದ್ದೆ, ವಾರ ಬಿಟ್ಟು ವಾರ ನನ್ನ ಸರದಿ. ರಾತ್ರಿ ಎರಡಕ್ಕೋ ಮೂರಕ್ಕೋ ಫೋನ್ ಕಿರುಚೋದು, ಎದ್ದು ಲಾಗ್ ನೋಡೋದು, ಸರ್ವೀಸ್ ರೀಸ್ಟಾರ್ಟ್ ಮಾಡೋದು, ಮಲಗೋದು. ಆಮೇಲೆ ಟೀಮ್ ಬದಲಾಯ್ತು, ಆನ್‌ಕಾಲ್ ತಪ್ಪಿತು. ಆದರೆ ಫೋನ್ ಕಿರುಚದಿದ್ದರೂ ಎರಡು ಗಂಟೆಗೆ ಎಚ್ಚರ ಆಗೋದು ಮಾತ್ರ ನಿಲ್ಲಲಿಲ್ಲ. ಎಚ್ಚರ ಆದರೆ ಸಾಕು, ನಾಳೆ ಹೇಗಪ್ಪಾ ಅನ್ನೋ ಲೆಕ್ಕ ಶುರು. ಈಗ ಮಲಗಿದರೆ ನಾಲ್ಕು ಗಂಟೆ ಸಿಗುತ್ತೆ, ಈಗ ಮಲಗಿದರೆ ಮೂರೂವರೆ, ಈಗ ಮೂರು. ಒಂದೂವರೆ ವರ್ಷ ಹೀಗೇ ನಡೀತು.

ಅಂಥವನ ಕೈಗೆ ಈ ಪುಸ್ತಕ ಬಂತು. ಹದಿನೈದನೇ ಪುಟ ದಾಟೋ ಹೊತ್ತಿಗೆ ನನಗೆ ಕ್ಯಾನ್ಸರ್, ಹೃದಯಾಘಾತ, ಮರೆವಿನ ಕಾಯಿಲೆ ಮೂರೂ ಬಂದಾಗಿತ್ತು.

ಪುಸ್ತಕದಲ್ಲಿ ಒಳ್ಳೆಯದು ಬಹಳ ಇದೆ, ಅದನ್ನ ಮೊದಲು ಹೇಳಿಬಿಡಬೇಕು. ವಾಕರ್‌ಗೆ ಬರೆಯೋ ಕೈ ಇದೆ. ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಅನ್ನೋ ರಾಸಾಯನಿಕ ಹೇಗೆ ಕೂಡಿಕೊಳ್ತಾ ಹೋಗುತ್ತೆ, ಕಾಫಿ ಅದರ ಜಾಗದಲ್ಲಿ ಕೂತು ಹೇಗೆ ಮೋಸ ಮಾಡುತ್ತೆ, ಕನಸಿನ ನಿದ್ದೆಗೂ ಗಾಢ ನಿದ್ದೆಗೂ ಏನು ವ್ಯತ್ಯಾಸ, ಇದನ್ನೆಲ್ಲ ಇಷ್ಟು ಸರಾಗವಾಗಿ ಹೇಳಿದ ಇನ್ನೊಂದು ಪುಸ್ತಕ ನಾನು ಓದಿಲ್ಲ. ನಿದ್ದೆಗೆಟ್ಟು ಕೆಲಸ ಮಾಡೋದೇ ದೊಡ್ಡಸ್ತಿಕೆ ಅಂದುಕೊಂಡ ನಮ್ಮಂಥವರ ಜಗತ್ತಿಗೆ, ಹಾಗಲ್ಲ ಕಣ್ರಪ್ಪಾ ಅಂತ ಹೇಳೋರು ಬೇಕಿತ್ತು.

ನನ್ನನ್ನ ಹಿಡಿದು ನಿಲ್ಲಿಸಿದ್ದು ನಿದ್ರಾಹೀನತೆಯ ಬಗ್ಗೆ ಬರೋ ಕೆಲವು ಪುಟಗಳು. ಅಲ್ಲಿ ವಾಕರ್ ಒಂದು ಹೋಲಿಕೆ ಕೊಡ್ತಾರೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಹೋಗಿರ್ತೀರಿ. ಬಂದು ನೋಡಿದರೆ ಒಳಗೆ ಫ್ಯಾನ್ ತಿರುಗ್ತಾನೇ ಇದೆ, ಯಾವುದೋ ಪ್ರೋಗ್ರಾಂ ನಿಲ್ಲದೆ ಓಡ್ತಾ ಇದೆ, ಹಾಗಾಗಿ ಸ್ಲೀಪ್ ಮೋಡಿಗೆ ಹೋಗೋಕಾಗ್ತಿಲ್ಲ. ನಿದ್ದೆ ಬಾರದವರ ಮೆದುಳೂ ಹೀಗೇ ಅಂತಾರೆ. ಭಾವನೆಯ ಅಮಿಗ್ಡಲಾ, ನೆನಪಿನ ಹಿಪ್ಪೊಕ್ಯಾಂಪಸ್, ಹೊರಗಿನ ಸುದ್ದಿಯನ್ನ ಒಳಗೆ ಬಿಡೋ ಬಾಗಿಲಂಥ ಥಾಲಮಸ್, ಇವೆಲ್ಲ ಆರಬೇಕಾದ ಹೊತ್ತಿಗೆ ಆರೋದಿಲ್ಲ, ಸ್ಕ್ಯಾನಿಂಗಿನಲ್ಲಿ ಇದು ಕಾಣುತ್ತೆ ಅಂತ.

ಓದಿದ ಕೂಡಲೇ ನನಗೆ ಸಿಕ್ಕಿಬಿದ್ದ ಖುಷಿ ಆಯ್ತು. ಸಾಫ್ಟ್‌ವೇರಿನವನಿಗೆ ಇದಕ್ಕಿಂತ ಚೆಂದದ ಡಯಾಗ್ನೋಸಿಸ್ ಬೇಕಾ? ನನ್ನಲ್ಲೊಂದು ಪ್ರೋಸೆಸ್ ನೇತಾಡ್ತಿದೆ, ಕಿಲ್ ಆಗ್ತಿಲ್ಲ. ಎರಡು ದಿನ ಆದ ಮೇಲೆ ಅದೇ ಖುಷಿ ಭಯ ಆಯ್ತು. ಇದು ಹಾರ್ಡ್‌ವೇರ್ ಪ್ರಾಬ್ಲಮ್ ಆಗಿದ್ದರೆ? ವೈರಿಂಗೇ ಹಾಳಾಗಿದ್ದರೆ? ಯೂಟ್ಯೂಬಿನಲ್ಲಿ ‘ನಿದ್ದೆ ಬಾರದವರ ಮೆದುಳಿನ ವೈರಿಂಗ್ ಬೇರೆ’ ಅಂತ ಕೆಂಪು ನೀಲಿ ಬಣ್ಣದ ಮೆದುಳಿನ ಚಿತ್ರ ತೋರಿಸೋ ವಿಡಿಯೋಗಳು ಒಂದರ ಹಿಂದೆ ಒಂದು ಬರೋಕೆ ಶುರುವಾದವು. ಹಾಗಾಗಿ ನಾನು ಪ್ರೊಡಕ್ಷನ್‌ನಲ್ಲಿ ಏನಾದ್ರೂ ಕೆಟ್ಟಾಗ ಮಾಡೋ ಕೆಲಸವನ್ನೇ ಮಾಡಿದೆ. ಮ್ಯಾನೇಜರ್ ಹೇಳಿದ ಸಾರಾಂಶ ಬಿಟ್ಟು ಲಾಗ್ ತೆಗೆದು ನೋಡಿದೆ. ಇಲ್ಲಿ ಲಾಗ್ ಅಂದರೆ ಸಂಶೋಧನಾ ಪ್ರಬಂಧಗಳು.

ಈ ಚಿತ್ರದ ಹಿಂದೆ ಅತಿ ಹೆಚ್ಚು ಹೆಸರು ಮಾಡಿದ ಅಧ್ಯಯನ 2004ರದ್ದು. ಪಿಟ್ಸ್‌ಬರ್ಗಿನ ಎರಿಕ್ ನಾಫ್ಜಿಂಗರ್ ಮತ್ತು ಸಂಗಡಿಗರು ಮಾಡಿದ್ದು. ಪಿಇಟಿ ಸ್ಕ್ಯಾನಿನಲ್ಲಿ ಮೆದುಳಿನ ಯಾವ ಭಾಗ ಎಷ್ಟು ಗ್ಲೂಕೋಸ್ ಸುಡ್ತಿದೆ ಅಂತ ಅಳೆದರು. ನಿದ್ದೆ ಬಾರದವರ ಮೆದುಳು ಹೆಚ್ಚು ಸುಡ್ತಿತ್ತು, ನಿದ್ದೆಗೆ ಜಾರಿದಾಗಲೂ ಎಚ್ಚರದ ಭಾಗಗಳು ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಒಳ್ಳೆ ಅಧ್ಯಯನ, ಅನುಮಾನ ಇಲ್ಲ. ಆದರೆ ಅದರಲ್ಲಿದ್ದ ನಿದ್ರಾಹೀನರು ಎಷ್ಟು ಜನ ಗೊತ್ತಾ? ಏಳು. ಹೋಲಿಕೆಗೆ ಚೆನ್ನಾಗಿ ನಿದ್ದೆ ಮಾಡೋರು 20 ಜನ. ಜಗತ್ತಿನ ಕೋಟ್ಯಂತರ ನಿದ್ದೆಗೇಡಿಗಳ ಮೆದುಳು ಹೀಗಿದೆ ಅನ್ನೋ ಮಾತು ಬೆಳೆದದ್ದರಲ್ಲಿ ಈ ಏಳು ಜನರ ಪಾಲು ದೊಡ್ಡದು. 2016ರಲ್ಲಿ ಪಿಟ್ಸ್‌ಬರ್ಗಿನಿಂದಲೇ ಇನ್ನೂ ದೊಡ್ಡ ಪಿಇಟಿ ಅಧ್ಯಯನ ಬಂತು, ಎರಡೂ ಗುಂಪಿನಲ್ಲಿ ನಲವತ್ತರ ಆಸುಪಾಸು ಜನ. ಎಚ್ಚರಕ್ಕೂ ನಿದ್ದೆಗೂ ಇರೋ ಅಂತರ ನಿದ್ರಾಹೀನರಲ್ಲಿ ಮೆದುಳಿನ ಕೆಲವು ಕಡೆ ಕಡಿಮೆ ಅಂತ ಅದೂ ಹೇಳಿತು. ಅಂದರೆ ವಿಷಯದಲ್ಲಿ ಹುರುಳಿದೆ.

ಆದರೆ ವಿಡಿಯೋಗಳು ಹೇಳೋ ‘ವೈರಿಂಗ್’ ಇದಲ್ಲ. ಅದು ಬರೋದು ಎಫ್ಎಂಆರ್‌ಐನಿಂದ, ‘ಕನೆಕ್ಟಿವಿಟಿ’ ಅನ್ನೋ ಮಾತಿನಿಂದ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಯಾಕಂದ್ರೆ ಮೋಸ ಆಗೋದು ಈ ಪದದಲ್ಲೇ.

ಎಫ್ಎಂಆರ್‌ಐ ಯಂತ್ರ ನರಕೋಶ ಉರಿಯೋದನ್ನ ನೋಡಲ್ಲ. ಒಂದು ಭಾಗ ಕೆಲಸ ಮಾಡಿದಾಗ ಅಲ್ಲಿಗೆ ಹರಿಯೋ ರಕ್ತದ ಆಮ್ಲಜನಕದಲ್ಲಿ ಆಗೋ ಬದಲಾವಣೆ ನೋಡುತ್ತೆ, ಅದೂ ಕೆಲವು ಸೆಕೆಂಡು ತಡವಾಗಿ. 1995ರಲ್ಲಿ ಭರತ್ ಬಿಸ್ವಾಲ್ ಅನ್ನೋರು, ಆಗಿನ್ನೂ ವಿದ್ಯಾರ್ಥಿ, ಒಂದು ಸಂಗತಿ ಗಮನಿಸಿದರು. ಯಂತ್ರದೊಳಗೆ ಏನೂ ಮಾಡದೆ ಸುಮ್ಮನೆ ಮಲಗಿದ್ದವರಲ್ಲೂ ಎಡಗೈ ಆಡಿಸೋ ಭಾಗ ಮತ್ತು ಬಲಗೈ ಆಡಿಸೋ ಭಾಗ ಒಟ್ಟಿಗೇ ಏರಿಳೀತಿದ್ದವು. ಹೀಗೆ ಒಟ್ಟಿಗೆ ಏರಿಳಿಯೋದಕ್ಕೆ ಫಂಕ್ಷನಲ್ ಕನೆಕ್ಟಿವಿಟಿ ಅಂತಾರೆ. 2001ರಲ್ಲಿ ಮಾರ್ಕಸ್ ರೈಕಲ್, ನಾವು ಏನೂ ಮಾಡದೆ ಇದ್ದಾಗ ಹೆಚ್ಚು ಕೆಲಸ ಮಾಡೋ ಭಾಗಗಳ ಬಗ್ಗೆ ಬರೆದರು. ಅದೇ ಈಗ ಎಲ್ಲರ ಬಾಯಲ್ಲಿರೋ ಡೀಫಾಲ್ಟ್ ಮೋಡ್ ನೆಟ್‌ವರ್ಕ್. ನಿನ್ನೆ ಬಾಸ್ ಹಾಗ್ಯಾಕೆ ಅಂದರು, ನಾಳೆ ಏನಾಗುತ್ತೋ ಅಂತ ಮನಸ್ಸು ತನ್ನನ್ನೇ ತಾನು ಮೆಲುಕು ಹಾಕುವಾಗ ಓಡೋ ಜಾಲ. ನಿದ್ದೆ ಬಾರದವನಿಗೆ ಇದು ಕೇಳಿದ ತಕ್ಷಣ ನಂದೇ ಕಥೆ ಅನ್ನಿಸುತ್ತೆ.

ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ರಾತ್ರಿ ತ್ರೀಫೇಸ್ ಕರೆಂಟ್ ಬರ್ತಿತ್ತು. ಒಂದು ಗಂಟೆಗೋ ಎರಡಕ್ಕೋ. ಬಂದ ಕೂಡಲೇ ಕೆರೆ ಈಚೆ ನಮ್ಮ ತೋಟದ ಪಂಪ್‌ಸೆಟ್ಟು ಗುಂಯ್ ಅನ್ನೋದು, ಕೆರೆ ಆಚೆ ಇನ್ನೊಬ್ಬರ ತೋಟದ್ದೂ ಗುಂಯ್ ಅನ್ನೋದು. ಕರೆಂಟ್ ಹೋದರೆ ಎರಡೂ ಒಟ್ಟಿಗೇ ಬಂದ್. ವರ್ಷಗಟ್ಟಲೆ ಇವೆರಡರ ಗ್ರಾಫ್ ತೆಗೆದರೆ ಕನೆಕ್ಟಿವಿಟಿ ಅದ್ಭುತವಾಗಿ ಬರುತ್ತೆ. ಆದರೆ ಆ ಎರಡು ಮೋಟಾರಿನ ಮಧ್ಯೆ ವೈರಿಲ್ಲ, ಎರಡು ಮನೆಯವರಿಗೆ ಮಾತೂ ಇರಲಿಲ್ಲ. ಇಬ್ಬರನ್ನೂ ಎಬ್ಬಿಸ್ತಿದ್ದದ್ದು ಮೂರನೆಯದು, ಸಬ್‌ಸ್ಟೇಷನ್. ಮೆದುಳಿನ ಸ್ಕ್ಯಾನಿನಲ್ಲೂ ಇಂಥ ಸಬ್‌ಸ್ಟೇಷನ್‌ಗಳಿವೆ. ಉಸಿರಾಟ ಒಂದು, ಎದೆಬಡಿತ ಒಂದು. ತಲೆ ಮಿಲಿಮೀಟರಿನ ಒಂದಿಷ್ಟು ಭಾಗ ಅಲುಗಾಡಿದರೂ ಇಲ್ಲದ ಕನೆಕ್ಟಿವಿಟಿ ಹುಟ್ಟಿಕೊಳ್ಳುತ್ತೆ ಅಂತ 2012ರಲ್ಲಿ ಜೊನಾಥನ್ ಪವರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಈಗ ಇದನ್ನೆಲ್ಲ ಕಳೆದು ಲೆಕ್ಕ ಹಾಕ್ತಾರೆ, ನಿಜ. ಆದರೂ ಕೊನೆಗೆ ಉಳಿಯೋದು ಒಟ್ಟಿಗೆ ಏರಿಳಿದದ್ದರ ಲೆಕ್ಕವೇ. ಅದನ್ನ ವೈರಿಂಗ್ ಅಂತ ಕರೆಯೋದು, ಎರಡು ಸರ್ವರಿನ ಸಿಪಿಯು ಒಟ್ಟಿಗೆ ಏರಿತು ಅಂತ ಒಂದು ಇನ್ನೊಂದನ್ನ ಕಾಲ್ ಮಾಡ್ತಿದೆ ಅಂದ ಹಾಗೆ. ಹೀಗೆ ರಿಪೋರ್ಟ್ ಬರೆದರೆ ನಮ್ಮ ಕೋಡ್ ರಿವ್ಯೂನಲ್ಲಿ ಪಾಸಾಗಲ್ಲ.

ಇನ್ನೊಂದು ಸಂಗತಿ ಓದಿದಾಗ ನಾನು ರಾತ್ರಿ ಮೂರು ಗಂಟೆಗೆ ಒಬ್ಬನೇ ನಕ್ಕೆ. ಸುಮ್ಮನೆ ಮಲಗಿಸಿ ಸ್ಕ್ಯಾನ್ ಮಾಡ್ತಾರಲ್ಲ, ಆ ಹೊತ್ತಿನಲ್ಲಿ ಜನ ನಿಜವಾಗಲೂ ಎಚ್ಚರ ಇರ್ತಾರಾ? ಜರ್ಮನಿಯ ಟಾಗ್ಲಿಯಾಜುಚ್ಚಿ ಮತ್ತು ಲೌಫ್ಸ್ 2014ರಲ್ಲಿ ಸಾವಿರಕ್ಕೂ ಹೆಚ್ಚು ಸ್ಕ್ಯಾನ್ ಪರೀಕ್ಷೆ ಮಾಡಿದರು. ಸುಮಾರು ಮೂರನೇ ಒಂದು ಭಾಗ ಜನ ಮೂರೇ ನಿಮಿಷದಲ್ಲಿ ಎಚ್ಚರ ತಪ್ಪಿ ನಿದ್ದೆಗೆ ಜಾರಿದ್ದರು! ಆ ಡಬಡಬ ಸದ್ದಿನ ಯಂತ್ರದೊಳಗೆ! ಈಗ ಯೋಚಿಸಿ. ಒಂದು ಕಡೆ ಚೆನ್ನಾಗಿ ನಿದ್ದೆ ಮಾಡೋರು, ಮೂರನೇ ನಿಮಿಷಕ್ಕೆ ತೂಕಡಿಸ್ತಿದಾರೆ. ಇನ್ನೊಂದು ಕಡೆ ನನ್ನಂಥವನು, ಕಣ್ಣು ಮುಚ್ಚಿ ಛಾವಣಿ ನೋಡ್ತಿದಾನೆ. ಇಬ್ಬರ ಮೆದುಳಿನ ಚಿತ್ರದಲ್ಲಿ ವ್ಯತ್ಯಾಸ ಬಂದೇ ಬರುತ್ತೆ. ಅದು ಕೆಟ್ಟ ಮೆದುಳಿಗೂ ಒಳ್ಳೆ ಮೆದುಳಿಗೂ ಇರೋ ವ್ಯತ್ಯಾಸವೋ, ಎಚ್ಚರಕ್ಕೂ ತೂಕಡಿಕೆಗೂ ಇರೋ ವ್ಯತ್ಯಾಸವೋ? ತಲೆಗೆ ಇಇಜಿ ತಂತಿ ಹಚ್ಚಿ ನೋಡದ ಹೊರತು ಬೇರೆ ಮಾಡೋದು ಕಷ್ಟ.

ಇನ್ನು ಸಾಫ್ಟ್‌ವೇರ್. ಇದು ನನ್ನ ಹೊಟ್ಟೆಪಾಡಿನ ವಿಷಯ, ಹಾಗಾಗಿ ಬಿಡೋಕಾಗಲಿಲ್ಲ. 2016ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು, ಎಲ್ಲರೂ ಬಳಸೋ ಮೂರು ಎಫ್ಎಂಆರ್‌ಐ ಸಾಫ್ಟ್‌ವೇರ್‌ಗಳನ್ನ ಪರೀಕ್ಷೆಗೆ ಹಚ್ಚಿದರು. ಏನೂ ವ್ಯತ್ಯಾಸ ಇರಬಾರದ ಕಡೆ ಈ ಸಾಫ್ಟ್‌ವೇರ್‌ಗಳು ನೂರಕ್ಕೆ 5 ಸಲ ಮಾತ್ರ ತಪ್ಪಾಗಿ ‘ವ್ಯತ್ಯಾಸ ಇದೆ’ ಅನ್ನಬೇಕಿತ್ತು. ಕೆಲವು ಸೆಟ್ಟಿಂಗಿನಲ್ಲಿ ನೂರಕ್ಕೆ 70ರವರೆಗೂ ಅಂದವು. ಅದರಲ್ಲಿ ಒಂದು ಸಾಫ್ಟ್‌ವೇರಿನಲ್ಲಿ 15 ವರ್ಷದಿಂದ ಒಂದು ಬಗ್ ಕೂತಿತ್ತು. ಆಮೇಲೆ ಸರಿ ಮಾಡಿದರು. 2020ರಲ್ಲಿ ಇನ್ನೊಂದು ಪ್ರಯೋಗ: ಒಂದೇ ಸ್ಕ್ಯಾನಿಂಗ್ ಡೇಟಾ, ಒಂದೇ ಒಂಬತ್ತು ಪ್ರಶ್ನೆ, 70 ತಂಡಗಳಿಗೆ ಕೊಟ್ಟರು. ಯಾವ ಎರಡು ತಂಡವೂ ಒಂದೇ ರೀತಿ ಲೆಕ್ಕ ಮಾಡಲಿಲ್ಲ, ಎಷ್ಟೋ ಪ್ರಶ್ನೆಗೆ ಉತ್ತರಗಳೂ ಹೊಂದಲಿಲ್ಲ. ನಮ್ಮ ಪೈಪ್‌ಲೈನ್‌ಗಳ ಗತಿಯೂ ಇದೇ, ನಗೋ ಹಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ನಿದ್ರಾಹೀನರ ಮೆದುಳಿನ ಬಗ್ಗೆ ಒಟ್ಟು ಲೆಕ್ಕ ಏನು? 2018ರಲ್ಲಿ ಮಸೂದ್ ತಹಮಾಸಿಯನ್ ಮತ್ತು ಸಂಗಡಿಗರು ಅಲ್ಲಿವರೆಗಿನ ಸ್ಕ್ಯಾನಿಂಗ್ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದರು. ಒಬ್ಬರು ಇಲ್ಲಿ ಹೆಚ್ಚು ಅಂದಿದ್ದರು, ಇನ್ನೊಬ್ಬರು ಅಲ್ಲಿ ಕಡಿಮೆ ಅಂದಿದ್ದರು. ಎಲ್ಲರೂ ಸೇರಿ ಬೊಟ್ಟು ಮಾಡಿ ತೋರಿಸೋ ಒಂದೇ ಒಂದು ಜಾಗ ಮೆದುಳಿನಲ್ಲಿ ಸಿಗಲಿಲ್ಲ. ಅದನ್ನ ಅವರು ಪ್ರಬಂಧದ ಶೀರ್ಷಿಕೆಯಲ್ಲೇ ಬರೆದರು. ಇನ್ನು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸ್ಕಾಟ್ ಮರೆಕ್ ತಂಡದ ಲೇಖನ ಇದಕ್ಕೆ ಒಂದು ಕಾರಣ ಹೇಳಿತು. ಮೆದುಳಿಗೂ ಮನುಷ್ಯನ ಸ್ವಭಾವಕ್ಕೂ ನಂಟು ಹುಡುಕೋ ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇರೋದು ಸುಮಾರು 25 ಜನ, ಭರವಸೆಯ ಉತ್ತರಕ್ಕೆ ಬೇಕಿರೋದು ಸಾವಿರಾರು ಜನ.

ನಿಮಗೆ ಒಂದು ಅನುಮಾನ ಬರಬಹುದು, ನನಗೂ ಬಂತು. ಹಾಗಾದ್ರೆ ಎಲ್ಲ ಮನಸ್ಸಿನ ಭ್ರಮೆಯಾ? ಮೆದುಳಿನಲ್ಲಿ ಏನೂ ಇಲ್ವಾ? ಹಾಗಲ್ಲ. ‘ಅತಿ ಎಚ್ಚರ’ ಅನ್ನೋದು ಪೂರ್ತಿ ಸ್ಕ್ಯಾನಿನ ಮೇಲೆ ನಿಂತ ಮಾತಲ್ಲ. ಇಇಜಿ ಅಲೆಗಳಲ್ಲೂ ಮೈಯಲ್ಲೂ ಅದರ ಗುರುತುಗಳಿವೆ. 2019ರಲ್ಲಿ 13 ಲಕ್ಷ ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ, ನಿದ್ರಾಹೀನತೆಗೆ ನಂಟಿರೋ 202 ಜಾಗಗಳನ್ನ ನಮ್ಮ ಜೀನುಗಳಲ್ಲಿ ಗುರುತಿಸಿತು. ಹುಟ್ಟಿನಿಂದ ಬರೋ ಒಲವು ಅಂತ ಒಂದು ಇದೆ. ಅದೇ ವರ್ಷ ನೆದರ್‌ಲ್ಯಾಂಡ್ಸಿನ ಏಯುಸ್ ವಾನ್ ಸೋಮೆರೆನ್ ಅವರ ತಂಡ ನಿದ್ರಾಹೀನತೆ ಒಂದಲ್ಲ, ಐದು ಬಗೆ ಅಂತ ತೋರಿಸಿತು. ಅವರು ಬಗೆ ವಿಂಗಡಿಸಿದ್ದು ನಿದ್ದೆಯ ಲಕ್ಷಣ ನೋಡಿ ಅಲ್ಲ. ವ್ಯಕ್ತಿಯ ಸ್ವಭಾವ, ಸಂಕಟ, ಸಂತೋಷಕ್ಕೆ ಮನಸ್ಸು ಸ್ಪಂದಿಸೋ ರೀತಿ, ಬದುಕಿನ ಘಟನೆ ಇವನ್ನ ನೋಡಿ. ಇದು ನಿಜ ಆಗಿದ್ದರೆ ಸ್ಕ್ಯಾನುಗಳು ಯಾಕೆ ಹೊಂದಲ್ಲ ಅನ್ನೋದಕ್ಕೂ ಉತ್ತರ ಸಿಗುತ್ತೆ. ಐದು ಥರದ ಬಗ್‌ಗಳನ್ನ ಒಂದೇ ಟಿಕೆಟ್ಟಿಗೆ ಹಾಕಿ ಸರಾಸರಿ ತೆಗೆದರೆ ಏನೂ ಕಾಣಿಸಲ್ಲ. ಸಂಶೋಧಕರು ಮಾಡ್ತಿರೋ ಕೆಲಸ ಪ್ರಾಮಾಣಿಕವಾದದ್ದೇ. ನನ್ನ ಮೆದುಳಿನ ವೈರಿಂಗ್ ಹೀಗಿದೆ ಅಂತ ಯಾರೂ ಈಗಲೇ ಹೇಳೋ ಹಾಗಿಲ್ಲ ಅನ್ನೋದನ್ನ ಎಷ್ಟೋ ಜನ ಅವರೇ ಬರೀತಾರೆ. ಪುಸ್ತಕ, ವಿಡಿಯೋ ಆಗಿ ನಮ್ಮ ಹತ್ತಿರ ಬರೋ ಹೊತ್ತಿಗೆ ಆ ಸಂಕೋಚ ಪೂರ್ತಿ ಉದುರಿ ಹೋಗಿರುತ್ತೆ.

ವಾಕರ್ ಪುಸ್ತಕದ ಮೇಲೆ ನನ್ನ ಮುಖ್ಯ ತಕರಾರು ಇರೋದು ಇಲ್ಲೇ. ಲ್ಯಾಪ್‌ಟಾಪ್ ಹೋಲಿಕೆ ತಪ್ಪು ಅಂತ ಅಲ್ಲ, ಅದು ಚೆಂದದ ಹೋಲಿಕೆ. ಆದರೆ ಎಷ್ಟು ಗಟ್ಟಿ ಆಧಾರದ ಮೇಲೆ ಎಷ್ಟು ಗಟ್ಟಿ ದನಿ ಅನ್ನೋ ಅಳತೆ ಪುಸ್ತಕದುದ್ದಕ್ಕೂ ತಪ್ಪಿದೆ. 2019ರ ನವೆಂಬರಿನಲ್ಲಿ ಅಲೆಕ್ಸಿ ಗುಜೆ ಅನ್ನೋ ಯುವಕ ಮೊದಲ ಅಧ್ಯಾಯ ಒಂದನ್ನೇ ಹಿಡಿದು ತಪ್ಪುಗಳ ಪಟ್ಟಿ ಮಾಡಿದ. ನಿದ್ದೆಗೇಡು ಒಂದು ಸಾಂಕ್ರಾಮಿಕ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ ಅಂತ ಪುಸ್ತಕದಲ್ಲಿತ್ತು, ಆ ಸಂಸ್ಥೆ ಹಾಗೆ ಘೋಷಿಸಿರಲಿಲ್ಲ. ಇನ್ನೊಂದು ಇದಕ್ಕಿಂತ ಬೇಜಾರಿನದು. ಹದಿಹರೆಯದ ಆಟಗಾರರಿಗೆ ನಿದ್ದೆ ಕಡಿಮೆ ಆದಷ್ಟೂ ಪೆಟ್ಟು ಜಾಸ್ತಿ ಅಂತ ತೋರಿಸೋ ಒಂದು ಬಾರ್ ಗ್ರಾಫ್ ಪುಸ್ತಕದಲ್ಲಿದೆ. ಒಂಬತ್ತು ಗಂಟೆಯಿಂದ ಆರು ಗಂಟೆಯವರೆಗೆ ಬಾರುಗಳು ಚೆಂದ ಏರ್ತಾ ಹೋಗ್ತವೆ. ಮೂಲ ಅಧ್ಯಯನದಲ್ಲಿ ಐದು ಗಂಟೆ ಮಲಗೋರದ್ದೂ ಒಂದು ಬಾರ್ ಇತ್ತು, ಅದು ಆರು ಗಂಟೆಯವರದ್ದಕ್ಕಿಂತ ಗಿಡ್ಡ. ಪುಸ್ತಕದ ಗ್ರಾಫಿನಲ್ಲಿ ಅದು ಇಲ್ಲ. ವಾಕರ್ ಆಮೇಲೆ ಕೆಲವು ಟೀಕೆಗಳಿಗೆ ಉತ್ತರ ಬರೆದರು, ಕೆಲವನ್ನ ತಿದ್ದುತ್ತೀನಿ ಅಂದರು. ಆದರೆ ನಮ್ಮಲ್ಲಿ ಯಾವನಾದರೂ ಡ್ಯಾಶ್‌ಬೋರ್ಡಿನಿಂದ ಹೀಗೆ ಒಂದು ಬಾರ್ ಎತ್ತಿಬಿಟ್ಟರೆ ಮುಂದಿನ ಸಲ ಅವನ ಯಾವ ಗ್ರಾಫನ್ನೂ ಯಾರೂ ನಂಬಲ್ಲ.

ಎರಡನೇ ತಕರಾರು ಇನ್ನೂ ಸ್ವಂತದ್ದು. ಈ ಪುಸ್ತಕ ಮಾತಾಡ್ತಿರೋದು ಯಾರ ಜೊತೆ? ನಿದ್ದೆ ಬರುತ್ತೆ ಆದರೆ ಮಲಗಲ್ಲ ಅನ್ನೋರ ಜೊತೆ. ರಾತ್ರಿ ಒಂದರವರೆಗೆ ಸೀರೀಸ್ ನೋಡೋರು, ನಾಲ್ಕೇ ಗಂಟೆ ಮಲಗ್ತೀನಿ ಅಂತ ಕೊಚ್ಚಿಕೊಳ್ಳೋರು, ಅವರನ್ನ ಹೆದರಿಸಿದರೆ ಒಳ್ಳೆಯದೇ. ಮಲಗೋಕೆ ಸಮಯ ಕೊಡದವನು ಬೇರೆ, ಸಮಯ ಕೊಟ್ಟರೂ ನಿದ್ದೆ ಬಾರದವನು ಬೇರೆ ಅಂತ ವಾಕರ್ ಸ್ವತಃ ಸ್ಪಷ್ಟವಾಗಿ ಬರೀತಾರೆ. ಆದರೆ ಪುಸ್ತಕದ ಬೆದರಿಕೆಗೆ ಈ ವ್ಯತ್ಯಾಸ ಗೊತ್ತಾಗಲ್ಲ. ಮಲಗದವನಿಗೆ ಹೇಳಿದ ಮಾತನ್ನ ಮಲಗಲಾರದವನು ರಾತ್ರಿ ಮೂರಕ್ಕೆ ಓದ್ತಾನೆ. ನಿದ್ದೆ ಬಾರದವನಿಗೆ ನಿದ್ದೆ ಬರದಿದ್ದರೆ ಸಾಯ್ತೀಯ ಅಂದರೆ ಅವನಿಗೆ ನಿದ್ದೆ ಬರುತ್ತಾ?

ನನಗಾದದ್ದು ಇದೇ. ಎಂಟು ಗಂಟೆ ನಿದ್ದೆ ಸಿಗಲೇಬೇಕು ಅಂತ ಒಂಬತ್ತೂವರೆಗೇ ಹಾಸಿಗೆಗೆ ಹೋಗೋಕೆ ಶುರು ಮಾಡಿದೆ. ಬೆಳಗ್ಗೆ ಏಳೂವರೆವರೆಗೂ ಬಿದ್ದುಕೊಂಡಿರ್ತಿದ್ದೆ. ಹತ್ತು ಗಂಟೆ ಹಾಸಿಗೆ, ಐದೂವರೆ ಗಂಟೆ ನಿದ್ದೆ, ನಾಲ್ಕೂವರೆ ಗಂಟೆ ಛಾವಣಿ. ಕೈಗೆ ಒಂದು ಬ್ಯಾಂಡ್ ಕಟ್ಟಿಕೊಂಡು ಬೆಳಗ್ಗೆ ಎದ್ದ ಕೂಡಲೇ ಮಾರ್ಕ್ಸ್ ನೋಡೋದು. ಇಂಥ ಗೀಳಿಗೆ 2017ರಲ್ಲಿ ಅಮೆರಿಕದ ವೈದ್ಯರು ಆರ್ಥೋಸೋಮ್ನಿಯಾ ಅಂತ ಹೆಸರಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯ್ತು.

ತಮಾಷೆ ಏನಂದ್ರೆ ಸರಿ ದಾರಿಯ ಸುಳಿವೂ ಇದೇ ಪುಸ್ತಕದಲ್ಲಿದೆ, ಕೊನೆಯ ಕಡೆಯ ಒಂದು ಅಧ್ಯಾಯದಲ್ಲಿ. ನಿದ್ದೆ ಮಾತ್ರೆಗಿಂತ ಸಿಬಿಟಿ-ಐ ಅನ್ನೋ ಚಿಕಿತ್ಸೆ ಒಳ್ಳೆಯದು ಅಂತ ವಾಕರ್ ಹೇಳ್ತಾರೆ. ಅದು ಅವರ ಸ್ವಂತ ಮಾತಲ್ಲ, ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಇದು ಅಂದಿದೆ. ಇದರ ಬೇರು ಇನ್ನೂ ಹಳೇದು. 1972ರಲ್ಲಿ ರಿಚರ್ಡ್ ಬೂಟ್‌ಜಿನ್ ಹೇಳಿದ್ದು: ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳು, ಬಂದಾಗ ಹೋಗು, ಹಾಸಿಗೆ ಅಂದರೆ ಒದ್ದಾಟ ಅನ್ನೋ ನಂಟು ಕಡಿ. 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ಹೇಳಿದ್ದು: ಹಾಸಿಗೆಯಲ್ಲಿರೋ ಸಮಯವನ್ನೇ ಕಡಿಮೆ ಮಾಡು. ಸ್ಪೀಲ್‌ಮನ್ ನಿದ್ರಾಹೀನತೆಯನ್ನ ಮೂರಾಗಿ ಬಿಡಿಸ್ತಾರೆ. ಮೊದಲೇ ಇದ್ದ ಒಲವು, ಶುರು ಮಾಡಿದ ಕಾರಣ, ಆಮೇಲೆ ಅದನ್ನ ಬದುಕಿಸಿಟ್ಟ ಅಭ್ಯಾಸ. ನನ್ನಲ್ಲಿ ಕಾರಣ ಆನ್‌ಕಾಲ್. ಅದು ಹೋಗಿ ವರ್ಷ ಆಗಿತ್ತು. ಉಳಿದಿದ್ದು ಅಭ್ಯಾಸ: ಬೇಗ ಮಲಗೋದು, ಗಡಿಯಾರ ನೋಡೋದು, ಲೆಕ್ಕ ಹಾಕೋದು. ಕೊನೆಗೆ ಆ ಪುಸ್ತಕವೂ ಅದಕ್ಕೆ ಸೇರಿಕೊಂಡಿತ್ತು.

ಡಾಕ್ಟರ ಹತ್ತಿರ ಹೋದೆ. ಗೊರಕೆ, ಉಸಿರುಗಟ್ಟೋದು, ಥೈರಾಯಿಡ್ ಇಲ್ಲ ಅಂತ ಖಾತ್ರಿ ಆದ ಮೇಲೆ ಒಬ್ಬ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಅವರು ನನ್ನ ಸ್ಕ್ಯಾನ್ ಕೇಳಲಿಲ್ಲ. ಬ್ಯಾಂಡ್ ಬಿಚ್ಚಿಸಿ, ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಅಂದಾಜು ಬರೆಸಿದರು. ಆಮೇಲೆ ರಾತ್ರಿ ಹನ್ನೆರಡೂವರೆಗೆ ಮುಂಚೆ ಹಾಸಿಗೆಗೆ ಹೋಗಬಾರದು, ಏನೇ ಆದರೂ ಆರು ಗಂಟೆಗೆ ಏಳಬೇಕು ಅಂದರು. ಪುಸ್ತಕ ಓದಿ ಹೆದರಿದ್ದವನಿಗೆ ಇದು ಆತ್ಮಹತ್ಯೆಯ ಹಾಗೆ ಕೇಳಿಸ್ತು. ಮೊದಲ ಹತ್ತು ದಿನ ನರಕ. ಮಧ್ಯಾಹ್ನ ಮೀಟಿಂಗಿನಲ್ಲಿ ಕಣ್ಣು ಎಳೀತಿತ್ತು, ಬೈಕ್ ಬಿಟ್ಟು ಮೆಟ್ರೋದಲ್ಲಿ ಓಡಾಡಿದೆ. ಮೂರನೇ ವಾರದ ಒಂದು ರಾತ್ರಿ ಹನ್ನೆರಡೂವರೆಗೆ ಮಲಗಿದವನಿಗೆ ಎಚ್ಚರ ಆಗಿದ್ದು ಅಲಾರಂಗೆ. ಎಷ್ಟು ಹೊತ್ತು ಸುಮ್ಮನೆ ಹಾಸಿಗೆ ಮೇಲೆ ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಹದಿನೈದು ಹದಿನೈದು ನಿಮಿಷ ಹೆಚ್ಚಿಸ್ತಾ ಹೋದರು. ಇದನ್ನ ಓದಿ ನೀವೇ ಶುರು ಮಾಡಬೇಡಿ. ಫಿಟ್ಸ್ ಇರೋರಿಗೆ, ಬೈಪೋಲಾರ್ ಇರೋರಿಗೆ, ರಾತ್ರಿ ಗಾಡಿ ಓಡಿಸೋರಿಗೆ ಇದು ಅಪಾಯ. ಗೊತ್ತಿರೋರ ಹತ್ತಿರ ಹೋಗಿ.

ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅಂತ ನಮ್ಮಜ್ಜಿ ಹೇಳ್ತಿದ್ದಳು. ನಿದ್ದೆಯ ಹಸಿವು ಹೆಚ್ಚಿಸೋದೇ ಸ್ಪೀಲ್‌ಮನ್ ಉಪಾಯ. ಹಾಗಂತ ಹಳ್ಳಿಯಲ್ಲಿ ಎಲ್ಲರೂ ಸುಖವಾಗಿ ಮಲಗ್ತಾರೆ ಅಂತ ಬರೆದರೆ ಸುಳ್ಳಾಗುತ್ತೆ. ಇದೇ ಅಜ್ಜಿ ತಾತ ಹೋದ ಮೇಲೆ ಎಷ್ಟೋ ರಾತ್ರಿ ಜಗಲಿ ಮೇಲೆ ಎಲೆಯಡಿಕೆ ಕುಟ್ಟಿಕೊಂಡು ಕೂತಿರ್ತಿದ್ದಳು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅಂತ ಯಾರಾದರೂ ಅಂದರೆ ಅವಳಿಗೆ ಸಿಟ್ಟು ಬರ್ತಿತ್ತು. ಆ ಗಾದೆಯಲ್ಲಿ ತಪ್ಪೆಲ್ಲ ನಿದ್ದೆ ಬಾರದವನದ್ದೇ. ಆ ಲೆಕ್ಕಕ್ಕೆ ಮೆದುಳಿನ ಚಿತ್ರ ಒಂದು ಉಪಕಾರ ಮಾಡಿದೆ: ತಪ್ಪು ನಿನ್ನದಲ್ಲ, ಒಳಗೆ ಏನೋ ಆಗ್ತಿದೆ ಅಂತ ಹೇಳಿದೆ. ಆದರೆ ಅದರ ಜೊತೆಗೆ, ನಿನ್ನ ಕೈಯಲ್ಲಿ ಏನೂ ಇಲ್ಲ ಅನ್ನೋದನ್ನೂ ಕಿವಿಯಲ್ಲಿ ಊದಿಬಿಡುತ್ತೆ. ಮೊದಲನೆಯದನ್ನ ಇಟ್ಟುಕೊಂಡು ಎರಡನೆಯದನ್ನ ಬಿಡಬೇಕು. ಅದಕ್ಕೆ ಆಧಾರ ಇಲ್ಲ, ಮೂರು ವಾರದಲ್ಲಿ ನನ್ನ ತಲೆಯೊಳಗಿನ ಯಾವ ವೈರನ್ನೂ ಯಾರೂ ಬದಲಾಯಿಸಿರಲಿಲ್ಲ.

ಹಾಗಾದರೆ ‘ವೈ ವಿ ಸ್ಲೀಪ್’ ಓದಬೇಕಾ? ನಿಮಗೆ ತಲೆದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಬರುತ್ತೆ, ಆದರೂ ಒಂದು ಗಂಟೆವರೆಗೆ ಫೋನ್ ಬಿಡಲ್ಲ ಅನ್ನೋರಾದರೆ ಓದಿ. ಅಂಕಿ ಅಂಶ ಸ್ವಲ್ಪ ಅನುಮಾನದಿಂದ ನೋಡಿ, ಆದರೆ ಓದಿ. ನನ್ನ ಥರದವರಾದರೆ ಸದ್ಯಕ್ಕೆ ಬೇಡ. ಗೆಳೆಯರಿಗೆ ನಿದ್ದೆ ಬರ್ತಿಲ್ಲ ಅಂತ ಗೊತ್ತಾದರೆ ಅವರಿಗೆ ಉಡುಗೊರೆ ಕೊಡಲೇಬೇಡಿ.

ಈಗಲೂ ನನಗೆ ತಿಂಗಳಲ್ಲಿ ಮೂರು ನಾಲ್ಕು ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ. ಅಪ್ಪ ಇದೇ ಹೊತ್ತಿಗೆ ಕರೆಂಟ್ ಬಂತು ಅಂತ ಎದ್ದು, ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಮೋಟಾರ್ ಹಾಕಿ, ಮಡೆ ತಿರುಗಿಸಿ, ಬಂದು ಮತ್ತೆ ಮಲಗ್ತಿದ್ದರು. ನಾನು ಹಾಲಿಗೆ ಬಂದು ಕೂತ್ಕೋತೀನಿ. ಗಡಿಯಾರವನ್ನ ಗೋಡೆಯಿಂದ ಇಳಿಸಿ ಆಗಿದೆ. ಕಣ್ಣು ಎಳೆದರೆ ಒಳಗೆ ಹೋಗ್ತೀನಿ.